ಕೈಗೆ ಬಾರದ ಹಣದ ತೆರಿಗೆ

ವಯಸ್ಸಾಯಿತೆಂದು ನನ್ನನ್ನು ತೆಗೆದುಹಾಕಿದ್ದ ಓಕ್ಲ್ಯಾಂಡಿನ ಕಂಪನಿ, ನಾನು ಕೇಸು ಹಾಕಿದ ಮೇಲೆ ರಾಜಿಗೆ ಬಂದು ಪರಿಹಾರ ಕೊಟ್ಟಿತು. ಅದರಲ್ಲಿ ಸುಮಾರು ಅರ್ಧ ನೇರವಾಗಿ ವಕೀಲರಿಗೆ ಹೋಯಿತು. ತೆರಿಗೆಯವರ ದೃಷ್ಟಿಯಲ್ಲಿ ಮಾತ್ರ ಅಷ್ಟೂ ನನ್ನದೇ ಆದಾಯ. ನಾನು ಕಣ್ಣಲ್ಲೂ ನೋಡದ ದುಡ್ಡಿಗೆ ತೆರಿಗೆ ಕಟ್ಟಬೇಕೇ?

ಓಕ್ಲ್ಯಾಂಡಿಗೆ ಹತ್ತಿರದ ಡಬ್ಲಿನ್ ಊರಿನಲ್ಲಿ ನಮ್ಮ ತೆರಿಗೆ ರಿಟರ್ನ್ ತುಂಬಿಕೊಡುವ ಅಕೌಂಟೆಂಟ್ ಹಾಸನದವಳು. ಸ್ಕ್ರೀನಿನಿಂದ ಕಣ್ಣು ಕೀಳದೆ, “ಲಾಯರ್ ಫೀಸನ್ನ ಆದಾಯದಿಂದ ಕಳೆಯೋಕೆ ಈಗ ಬರಲ್ಲ ಆಂಟಿ” ಎಂದಳು.

“ತಾರತಮ್ಯದ ಕೇಸಿಗೆ ಬರುತ್ತಮ್ಮ. ನಾನೂ ಬಿ.ಕಾಂ. ಮಾಡಿದವಳು, ನಿಯಮ ಓದ್ಕೊಂಡೇ ಬಂದಿದ್ದೀನಿ.”

“ಆದ್ರೆ ತಾರತಮ್ಯ ಮಾಡೇ ಇಲ್ಲ ಅಂತ ಕಂಪನಿ ರಾಜಿಪತ್ರದಲ್ಲಿ ಬರೆದಿದೆಯಲ್ಲ?”

“ಮಾಡಿದ್ವಿ ಅಂತ ಯಾರು ಬರ್ಕೊಡ್ತಾರೆ? ನಾನು ಕೊಟ್ಟ ದೂರು ಏನಿತ್ತು, ಅದನ್ನ ನೋಡು” ಎಂದು ಫೈಲು ತಳ್ಳಿದೆ. ದೂರು, ಪತ್ರ, ವಕೀಲರ ಬಿಲ್ಲು, ಎಲ್ಲವೂ ತಾರೀಖಿನ ಪ್ರಕಾರ ಇದ್ದವು.

ಅವಳು ಫೋನಿನಲ್ಲಿ ಯಾರನ್ನೋ ವಿಚಾರಿಸಿ, “ಬರುತ್ತೆ ಆಂಟಿ, ಸಾರಿ” ಎಂದು ಒಪ್ಪಿಕೊಂಡಳು. ಆಮೇಲೆ ಹಾಳೆ ತಿರುವುತ್ತ, “ಈ ವಯಸ್ಸಲ್ಲೂ ಎಷ್ಟು ನೀಟಾಗಿ ಇಟ್ಟಿದ್ದೀರಾ!” ಎಂದು ಮೆಚ್ಚಿಕೊಂಡಳು.

ನಾನು ದೂರಿನ ಮೂರನೇ ಪುಟ ತೆಗೆದು ತೋರಿಸಿದೆ. ನನ್ನ ಮ್ಯಾನೇಜರು ಆಡಿದ್ದ ಮಾತುಗಳ ಪಟ್ಟಿ ಅಲ್ಲಿತ್ತು. ತಾರೀಖಿನ ಸಮೇತ, ಮೊದಲನೆಯದು ಇದೇ ಮಾತು.