ಅಣ್ಣನ ಗಿಟಾರಿನ ಕಟ್ಟಿಗೆ

ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿದು ಹೊಲಿದು ನಮ್ಮ ವೈನಿಯ ಬಲಗೈ ಹೆಬ್ಬೆರಳು ಕಲ್ಲಿನಂತಾಗಿತ್ತು. ಮಾತೂ ಅಷ್ಟೇ ಗಟ್ಟಿ. ಹೊಸ ಸೀರೆ ಹೇಗಿದೆ ಎಂದು ಯಾರಾದರೂ ಕೇಳಿದರೆ, "ನಿಮಗ ಒಪ್ಪಂಗಿಲ್ರಿ" ಅಂದೇಬಿಡುತ್ತಿದ್ದರು. ಅಣ್ಣನ ಕೈಹಿಡಿದು ಮನೋಳಿಯಿಂದ ಸೊಸೆಯಾಗಿ ಬಂದ ಅವರಿಗೆ ನಮ್ಮ ಬೈಲಹೊಂಗಲದ ಓಣಿಯಲ್ಲಿ ಗೆಳತಿಯರು ಕಡಿಮೆ.

ಎಪ್ಪತ್ತರ ದಶಕದ ಮಾತು. ಅಣ್ಣ ಬೆಳಗಾವಿಯ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದ. ಯಾರೋ ಬಳಸಿ ಮಾರಿದ, ಕೆಂಪು ಬಣ್ಣದ ಗಿಟಾರ್. ಕ್ಷಯ ಹತ್ತಿ ಮನೆಗೆ ಬಂದು ಹಾಸಿಗೆ ಹಿಡಿದ. ಡಾಕ್ಟರು ಕೈಚೆಲ್ಲಿದ್ದರು. ನೋಡಲು ಬಂದವರೆಲ್ಲ ಮಾತ್ರ, "ಆರಾಮ ಆಗ್ತಿ ಬಿಡಪಾ" ಅನ್ನುವವರೇ.

ಒಂದು ದಿನ ಅಣ್ಣ, "ಈ ಬಣ್ಣದ ಕೆಳಗ ಸಾಗವಾನಿ ಇರಬೇಕು. ಒಮ್ಮೆ ಕಣ್ಣತುಂಬ ನೋಡಬೇಕು" ಎಂದ. ವೈನಿ ತಂತಿ ಬಿಚ್ಚಿ ಗಿಟಾರನ್ನು ಹಿತ್ತಲಿಗೆ ಒಯ್ದರು. ಗಾಜಿನ ಚೂರಿನಿಂದ ಕೆರೆದು, ಸ್ಯಾಂಡ್ ಪೇಪರಿನಿಂದ ತಿಕ್ಕಿದರು. ಕೆಂಪಿನ ಕೆಳಗೆ ಹಸಿರು, ಅದರ ಕೆಳಗೆ ಕಟ್ಟಿಗೆ. ಸಾಗವಾನಿ ಎಲ್ಲಿಂದ ಬರಬೇಕು! ಬೇರೆಬೇರೆ ಮರದ ತುಂಡು ಜೋಡಿಸಿ ಸಂದಿಗೆ ಪುಟ್ಟಿ ಮೆತ್ತಿದ್ದರು.

ಅವ್ವ ಗಾಬರಿಯಾದಳು. "ಹೊಳ್ಳಿ ಬಣ್ಣ ಹಚ್ಚವಾ. ಸಾಗವಾನಿನ ಐತಿ ಅಂತ ಹೇಳಿಬಿಡು. ಇದನ್ನ ನೋಡಿದ್ರ ಎದಿ ಒಡಕೋತಾನ."

"ಎಲ್ಲಾರೂ ಸುಳ್ಳ ಹೇಳಾಕ ಹತ್ಯಾರ್ರಿ ಅತ್ತಿ. ನಾನೂ ಹೇಳಿದ್ರ ಅವರು ಯಾರನ್ನ ನಂಬಬೇಕು?" ಎಂದರು ವೈನಿ.

ಗಿಟಾರನ್ನು ತಂದು ಅಣ್ಣನ ತೊಡೆಯ ಮೇಲಿಟ್ಟರು. ಅವನು ಒಂದೊಂದೇ ಜೋಡಣೆಯ ಮೇಲೆ ಬೆರಳಾಡಿಸಿದ. ಆಮೇಲೆ ಕೆಮ್ಮುತ್ತಲೇ ನಕ್ಕ. "ನಿನ್ನ ಕೈಗೆ ಸಿಕ್ಕಿದ್ದೆಲ್ಲಾ ಕೌದಿನ ಆಗತೈತಿ ನೋಡು!"

ನಗು ನಿಂತ ಮೇಲೆ ಮೆಲ್ಲಗೆ ಕೇಳಿದ, "ನಾ ಉಳೀತೇನೇನು?"

ವೈನಿ ಇಲ್ಲವೆಂದು ತಲೆಯಾಡಿಸಿದರು. ಅವತ್ತು ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಅತ್ತರು. ಮರುದಿನ ಅಣ್ಣ ಅಪ್ಪನನ್ನು ಕರೆದು, ತನ್ನ ನಂತರ ಇವಳನ್ನು ಟೇಲರಿಂಗ್ ಕಲಿಯಲು ಕಳಿಸಬೇಕೆಂದು ಮಾತು ತೆಗೆದುಕೊಂಡ. ವೈನಿ ಅವನ ಕಣ್ಣೆದುರೇ ಗಿಟಾರಿಗೆ ಪಾಲಿಶ್ ಹಚ್ಚತೊಡಗಿದರು. ಕೊನೆಯ ಪಾಲಿಶ್ ಒಣಗುವ ಮೊದಲೇ ಅಣ್ಣ ಹೋದ.

ಮುಂದೆ ಹೊಲಿಗೆಯ ದುಡಿಮೆಯಲ್ಲೇ ವೈನಿ ನಾದಿನಿಯಾದ ನನ್ನನ್ನು ಓದಿಸಿದರು, ಮದುವೆ ಮಾಡಿದರು. ಯಾರ ಹತ್ತಿರವೂ ಏನನ್ನೂ ಬೇಡಿದವರಲ್ಲ.

ಹೋದ ವರ್ಷ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ಡಾಕ್ಟರ್ ಏನಂದ್ರು? ಖರೆ ಹೇಳು" ಎಂದರು. ಹೆಚ್ಚು ದಿನವಿಲ್ಲ ಅಂದಿದ್ದಾರೆಂದು ಇದ್ದದ್ದು ಇದ್ದಹಾಗೇ ಹೇಳಿದೆ.

ವೈನಿ ಹಾಸಿಗೆಯಲ್ಲಿ ಸರಿದು ನನಗೆ ಜಾಗ ಮಾಡಿದರು. "ಹಂಗಾದ್ರ ಇಲ್ಲೇ ಕುಂದ್ರವಾ," ಎಂದರು. "ಇವತ್ತ ಮನಿಗೆ ಹೋಗಬ್ಯಾಡ."