ಮೂರು ದಿನದ ಕಟ್ಟಿ

ನಮ್ಮ ಭಾತಂಬ್ರಾದಾಗ ಬಾಜೂ ಮನಿಗೆ ಒಬ್ಬಾಕಿ ಸೊಸಿ ಇದ್ದಳು. ಬೀದರ ಮೈಸೂರಿಗೆ ಸೇರಿದ ವರ್ಷ ಆಕಿ ಗರ್ಭದ ಕ್ಯಾನ್ಸರಿಗೆ ಹೈದರಾಬಾದಿನ ದವಾಖಾನಿಯಾಗ ಕರೆಂಟ, ಅಂದರ ರೇಡಿಯೇಶನ್, ಹಿಡಿಸಿಕೊಂಡು ಬಂದಳು. ಜೀವ ಉಳೀತು, ಆದರ ಆ ಕರೆಂಟಿಗೆ ಮುಟ್ಟು ನಿಂತೇ ಹೋಯ್ತು. ಮೂವತ್ತೂ ತುಂಬಿರಲಿಲ್ಲ. ಮುಟ್ಟು ನಿಂತದ್ದು ಮನಿಯಾಗ ಯಾರಿಗೂ ಹೇಳಲಿಲ್ಲ. ಥಂಡಿ ದಿನದಾಗೂ ಸೆರಗಿಲೆ ಬೆವರು ಒರಸಕೊಂತ "ಸೆಕಿ ಅದರಿ, ಸೆಕಿ ಅದ" ಅಂತಿದ್ದಳು.

ತಿಂಗಳಾ ಮೂರು ದಿನ ಮಾತ್ರ ತಪ್ಪದಂಗ ಹೊರಗಿನ ಕಟ್ಟಿ ಮ್ಯಾಲ ಕೂಡತಿದ್ದಳು. ಅತ್ತಿ ಒಳಗಿಂದ, "ಈ ತಿಂಗಳಾನೂ ಕುಂತಳು ನೋಡ್, ಹಡಿಯೂದು ಯಾವಾಗ?" ಅಂತ ಬೈತಿದ್ದಳು. ಆದರ ಆಕಿ ಒಗೆಯೂ ಬಟ್ಟಿ ಮ್ಯಾಲ ಒಂದು ರಕ್ತದ ಕಲಿನೂ ಇರಲಿಲ್ಲ. ನಾನೇ ಕೇಳಿದೆ, "ಯಾಕವಾ ಈ ಸುಳ್ಳು?"

"ಮೂರು ದಿನ ಹೊರಗ ಕುಂತರ ಉಳಿದ ದಿನ ಒಳಗ ಇರ್ತೇನಿರಿ ಅಕ್ಕಾ. ನಿಂತದ ಅಂತ ತಿಳಿದರ ಇನ್ನೊಬ್ಬಾಕಿನ ತರ್ತಾರ."

ನಾ ಬಾಯಿ ಬಿಡಲಿಲ್ಲ. ಅತ್ತಿ ಕೂಸಿನ ದಾರಿ ನೋಡಿ ಸಾಕಾಗಿ, ಔರಾದ ಕಡಿಂದ ಮಗನಿಗೆ ಇನ್ನೊಬ್ಬಾಕಿನ ತಂದೇ ಬಿಟ್ಟಳು. ಮುಂದಿನ ತಿಂಗಳು ನೋಡಿದರ ಕಟ್ಟಿ ಮ್ಯಾಲ ಹೊಸಾಕಿ ಕುಂತಿದ್ದಳು. ಹಳೀ ಸೊಸಿ ದೂರದಿಂದ ಹೊಸಾಕಿ ತಾಟಿಗೆ ರೊಟ್ಟಿ ಹಾಕಿ, ಬೆವರು ಒರಸಕೊಂತ ಒಳಗ ಒಲಿ ಮುಂದ ಹೋಗಿ ಕುಂತಳು.