ಚನ್ನಪಟ್ಟಣದಲ್ಲಿ ಕಡಲ ಹಕ್ಕಿ

ಚನ್ನಪಟ್ಟಣದ ಗೊಂಬೆ ಕಾರ್ಖಾನೆಯೊಂದರಲ್ಲಿ ಪುಟ್ಟಮ್ಮ ಲೇತಿನ ಮುಂದೆ ಕೂತು ಕಡಲ ಹಕ್ಕಿಯೊಂದನ್ನು ಕಡೆಯುತ್ತಿದ್ದರು. ಕಡಲನ್ನು ಅವರು ಕಂಡವರಲ್ಲ. ಹೊರದೇಶದ ಗಿರಾಕಿ ಕಳಿಸಿದ ಫೋಟೊದಲ್ಲಿ ಆಯ್ಸ್ಟರ್‌ಕ್ಯಾಚರ್ ಎಂಬ ಹಕ್ಕಿ ನಿಂತಿತ್ತು: ಕಪ್ಪು ಬಿಳುಪು ಮೈ, ಉಳಿಯಂಥ ಕೆಂಪು ಕೊಕ್ಕು. ಪುಟ್ಟಮ್ಮನ ಹಕ್ಕಿಯ ಕೊಕ್ಕು ಮಾತ್ರ ಮೊಂಡು.

ಕಾರ್ಖಾನೆ ನೋಡಲು ಬಂದಿದ್ದ, ಹಕ್ಕಿಗಳ ಹುಚ್ಚಿನ ನಾನು ಪಕ್ಷಿಕುಲದ ಮರ್ಯಾದೆ ಕಾಯುವ ಹೊಣೆ ನನ್ನದೆಂದು ಗಂಟಲು ಸರಿಮಾಡಿಕೊಂಡೆ. "ಅಮ್ಮಾ, ಇದು ಕೊಕ್ಕಿನಿಂದ ಚಿಪ್ಪು ಮೀಟಿ ತಿನ್ನುವ ಹಕ್ಕಿ. ಹೀಗಾದರೆ ಉಪವಾಸ ಸಾಯುತ್ತೆ."

"ಸಾಯ್ಲಿ ಬುಡಿ ಸ್ವಾಮಿ, ಅದು ಮರದ್ದು. ಇದ್ರಲ್ಲಿ ಆಡೋ ಮಗೀನ ಕಣ್ಣು ಮರದ್ದಲ್ವಲ್ಲ."

"ಫೋಟೊದ ಹಾಗಿಲ್ಲ ಅಂತ ವಾಪಸು ಕಳಿಸಿದರೆ?"

"ಓದ್ಸಲಾನೂ ಕಳ್ಸವ್ರೆ. ಈ ಕಿತ ಒಸಿ ಉದ್ದ ಮಾಡಿವ್ನಿ. ಚೂಪು ಮಾತ್ರ ಮಾಡಾಕಿಲ್ಲ."

ತಿರುಗುತ್ತಿದ್ದ ಕೊಕ್ಕಿಗೆ ಕೆಂಪು ಅರಗಿನ ಕಡ್ಡಿ ಒತ್ತಿದರು. ಬಣ್ಣ ಆರಿದ ಮೇಲೆ ಕಣ್ಣು ಮುಚ್ಚಿ, ಅದರ ತುದಿಯನ್ನು ತಮ್ಮ ರೆಪ್ಪೆಯ ಮೇಲೆ ಒತ್ತಿ ನೋಡಿಕೊಂಡರು.